ಕುದುರೆ ಕಾಲಿಗೆ ಥಂಡಿ ಹತ್ತುತ್ತದಾ?

ತುಳಸಿ ಲಗ್ನ ಮುಗಿಯಿತು ಅಂದರೆ ಬೀದರ್‌ನಲ್ಲಿ ಎರಡು ಒಟ್ಟಿಗೇ ಶುರು: ಥಂಡಿ ಮತ್ತು ಮದುವೆ. ನಮ್ಮ ಓಣಿಯ ಚಾಚಾ ಬರಾತಿಗೆ ಕೊಡಲು ಒಂದು ಬಿಳಿ ಕುದುರೆ ಸಾಕಿದ್ದಾರೆ. ಹೋದ ನವೆಂಬರಿನ ಒಂದು ಮುಂಜಾನೆ ಕಟಿಂಗ್ ಅಂಗಡಿಯ ಮಷಿನ್ ಹಿಡಿದು ಅದರ ಕಾಲ ಹತ್ತಿರ ಕೂತಿದ್ದರು. ಗೊರಸಿನ ಹಿಂದೆ ಕೂದಲು ಕುಚ್ಚು ಕುಚ್ಚಾಗಿ ಬೆಳೆದಿತ್ತು. ಗೆಜ್ಜೆ ಕಟ್ಟಿದರೆ ಸಿಕ್ಕಿಕೊಳ್ಳುತ್ತದೆ, ಫೋಟೊದಲ್ಲೂ ಚೆನ್ನಾಗಿ ಕಾಣುವುದಿಲ್ಲ ಅನ್ನೋದು ಅವರ ವಾದ. ಬಾಗಿಲಲ್ಲಿ ಚಾಚಿ ತಡೆದು ನಿಂತಿದ್ದರು. "ಇಂಥಾ ಥಂಡ್ಯಾಗ ಕಾಲ ಬೋಳಸ್ತೀರೇನ್ರಿ? ಪಾಪ, ನಡುಗ್ತದ ಅದು."

"ನೀವೇ ಹೇಳ್ರಿ ಸರ್" ಅಂತ ಇಬ್ಬರೂ ನನ್ನ ಕಡೆ ತಿರುಗಿದರು. ವಿಜ್ಞಾನ ಕಲಿಸುವವನಿಗೆ ಎಲ್ಲಾ ಗೊತ್ತಿರುತ್ತದೆ ಅನ್ನೋದು ಓಣಿಯವರ ನಂಬಿಕೆ!

ಮೊದಲು ಕುದುರೆಯ ಎದೆ ಮುಟ್ಟಿದೆ. ಕೂದಲ ಬುಡದಲ್ಲಿ ಬೆಚ್ಚಗಿತ್ತು. ಕೈ ಕೆಳಗೆ ತಂದು ಮಂಡಿಯ ಕೆಳಗೆ ಮುಟ್ಟಿದರೆ ಕಬ್ಬಿಣದ ಸಲಾಕೆಯಂತೆ ತಣ್ಣಗೆ. ಆದರೂ ಕುದುರೆ ಆರಾಮಾಗಿ ಹುಲ್ಲು ಮೇಯುತ್ತಿತ್ತು.

ಪಾಯಾ ತಿಂದವರಿಗೆ ಇದರ ಕಾರಣ ಬೇಗ ಹೊಳೆಯುತ್ತದೆ. ಕುರಿಯ ಕಾಲಿನ ತುಂಡಿನಲ್ಲಿ ಮಾಂಸ ಎಲ್ಲಿರುತ್ತದೆ? ಎಲುಬು, ಚರ್ಮ, ಮತ್ತೆ ನಾವು ನರ ಅನ್ನುವ ಗಟ್ಟಿ ಹುರಿಗಳು, ಅಷ್ಟೇ. ಕುದುರೆಯದೂ ಹಾಗೇ. ನಾವು ಅದರ ಮುಂಗಾಲಿನ ಮಂಡಿ ಅನ್ನುವುದು ನಿಜವಾಗಿ ನಮ್ಮ ಮಣಿಕಟ್ಟು. ಅದರ ಕೆಳಗೆ ಇರುವುದು ಅಂಗೈಯ ಒಂದು ಉದ್ದ ಎಲುಬು, ಅದರ ತುದಿಗೆ ಒಂದೇ ಒಂದು ನಡುಬೆರಳು, ಗೊರಸು ಅಂದರೆ ಆ ಬೆರಳಿನ ಉಗುರು. ಓಡಿಸುವ ಸ್ನಾಯುಗಳೆಲ್ಲ ಮೇಲೆ, ಭುಜ ಮತ್ತು ತೊಡೆಯ ಹತ್ತಿರ ಕೂತಿವೆ. ಅಲ್ಲಿಂದ ಹುರಿ ಎಳೆದು ಗೊಂಬೆ ಆಡಿಸಿದ ಹಾಗೆ ಕೆಳಗಾಲನ್ನು ಆಡಿಸುತ್ತವೆ. ಎಲುಬಿಗೂ ಹುರಿಗೂ ಸ್ನಾಯುವಿಗೆ ಬೇಕಾದಷ್ಟು ಶಾಖ ಬೇಡ.

ಇನ್ನೊಂದು ಜಾಣತನ ರಕ್ತನಾಳಗಳದ್ದು. ಕೆಳಗಿಳಿಯುವ ನಾಳ, ಮೇಲೇರುವ ನಾಳ ಒಂದರ ಪಕ್ಕ ಒಂದು ಅಂಟಿಕೊಂಡಿವೆ. ಮೈಯಿಂದ ಬರುವ ಬಿಸಿ ರಕ್ತ, ಗೊರಸಿನಿಂದ ವಾಪಸ್ ಬರುವ ತಣ್ಣನೆ ರಕ್ತಕ್ಕೆ ದಾರಿಯಲ್ಲೇ ಬಿಸಿ ಕೊಟ್ಟುಬಿಡುತ್ತದೆ. ಹೀಗಾಗಿ ಕಾಲು ತಣ್ಣಗಾದರೂ ಮೈಯ ಶಾಖ ಮೈಯಲ್ಲೇ ಉಳಿಯುತ್ತದೆ. ಚಾಚಿಯ ಹೆದರಿಕೆ ಅಲ್ಲಿಗೆ ಮುಗಿಯಬೇಕಿತ್ತು.

ಹಾಗಂತ ಚಾಚಾ ಗೆದ್ದರು ಅಂತಲೂ ಅಲ್ಲ.

ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ಕೆಲಸ ಮಾಡುವ ಕುದುರೆಗಳಿಗೆ ಮೈಕೂದಲು ತೆಗೆಸುತ್ತಾರೆ. ಉದ್ದ ಕೂದಲು ಬೆವರಿನಲ್ಲಿ ನೆನೆದರೆ ಬೇಗ ಒಣಗುವುದಿಲ್ಲ, ಒದ್ದೆ ಮೈಗೆ ನಿಜವಾದ ಥಂಡಿ ಹತ್ತುವುದು ಆಗಲೇ. ಅಂಥ ಒಂದು ಕಟಿಂಗಿಗೆ ಹಂಟರ್ ಕ್ಲಿಪ್ ಅಂತ ಹೆಸರು. ಅದರಲ್ಲಿ ಮೈಯೆಲ್ಲ ಬೋಳಿಸಿ, ಜೀನಿನ ಜಾಗ ಮತ್ತು ನಾಲ್ಕೂ ಕಾಲು ಮಾತ್ರ ಹಾಗೇ ಬಿಡುತ್ತಾರೆ. ಚಳಿಗಿಂತ ಜಾಸ್ತಿ ಮುಳ್ಳುಬೇಲಿ, ಕೆಸರು, ತರಚುಗಾಯಕ್ಕೆ ಹೆದರಿ. ಕಾಲಿನ ಕೂದಲು ಸ್ವೆಟರ್‌ಗಿಂತ ಜಾಸ್ತಿ ಚಪ್ಪಲಿಯ ಕೆಲಸ ಮಾಡುತ್ತದೆ ಅನ್ನಬಹುದು.

ನಮ್ಮಲ್ಲಿ ಮುಳ್ಳಿಗೇನು ಬರವಾ? ಬಳ್ಳಾರಿ ಜಾಲಿ ಎಲ್ಲೆಂದರಲ್ಲಿ. ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ದ ಹೊಲಕ್ಕೆ ಕುದುರೆ ಬಿಟ್ಟು ನೋಡಿ. ಓರೆಯಾಗಿ ಕತ್ತರಿಸಿದ ಕೂಳೆ ಚೂರಿಯ ಹಾಗೆ ನಿಂತಿರುತ್ತದೆ. ಅಕಾಲದಲ್ಲಿ ಒಂದು ಮಳೆ ಬಿದ್ದರಂತೂ ಕಲಬುರಗಿ, ಯಾದಗಿರಿ ಕಡೆಯ ಎರೆಮಣ್ಣು ಕಾಲಿಗೆ ಮೆತ್ತಿಕೊಂಡರೆ ಬಿಡುವುದೇ ಇಲ್ಲ.

ಆ ಕೆಸರಿನಲ್ಲೇ ಇನ್ನೊಂದು ಕಿರಿಕಿರಿ ಇದೆ. ಚರ್ಮ ದಿನಗಟ್ಟಲೆ ಒದ್ದೆಯಾಗಿದ್ದರೆ ಗೊರಸಿನ ಹಿಂದಿನ ಕುಳಿಯಲ್ಲಿ ಡರ್ಮಟೊಫಿಲಸ್ ಅನ್ನುವ ಬ್ಯಾಕ್ಟೀರಿಯಾ ಸೇರಿ ಹಕ್ಕಳೆ ಕಟ್ಟುತ್ತದೆ, ಕೀವು ಬರುತ್ತದೆ. ಹಾಗಾದಾಗ ಮಾತ್ರ ಲೆಕ್ಕ ಉಲ್ಟಾ. ಕೂದಲು ತೆಗೆದರೇ ಚರ್ಮ ಒಣಗುತ್ತದೆ, ಔಷಧ ಒಳಗೆ ತಾಕುತ್ತದೆ. ಬೀದರ್‌ನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ, ಹುಣ್ಣು ಕಂಡರೆ ಅಲ್ಲಿ ತೋರಿಸುವುದೇ ಸರಿ. ಹುಣ್ಣು ಇಲ್ಲದಿದ್ದರೆ ಕೆಸರನ್ನು ಒಣಗಲು ಬಿಟ್ಟು ಬ್ರಷ್‌ನಿಂದ ಉದುರಿಸಿ. ದಿನಾ ನೀರು ಹಾಕಿ ತಿಕ್ಕುವುದು ರೋಗಕ್ಕೆ ನಾವೇ ಕರೆ ಕೊಟ್ಟ ಹಾಗೆ.

"ಥಂಡಿ ಬಂತಂತ ಕೂದಲ ಬಂದಾವಲ್ರಿ, ಅದಕ್ಕ ಬೇಕಂತನೇ ಬಂದಾವ" ಅಂದರು ಚಾಚಿ. ಒಳ್ಳೆ ಪ್ರಶ್ನೆ. ಆದರೆ ಕುದುರೆಯ ಮೈ ಮುಖ್ಯವಾಗಿ ನೋಡುವುದು ಬೆಳಕನ್ನು. ಹಗಲು ಗಿಡ್ಡವಾದಂತೆ ಮಿದುಳಿನಲ್ಲಿ ಮೆಲಟೋನಿನ್ ಅನ್ನುವ ಹಾರ್ಮೋನು ಸುರಿಯುವ ಹೊತ್ತು ಹೆಚ್ಚಾಗಿ, ಚಳಿಗಾಲದ ಕೂದಲು ಬೆಳೆಯುತ್ತದೆ. ಚಳಿ ಅದಕ್ಕೆ ಸ್ವಲ್ಪ ಒತ್ತಾಸೆ ಕೊಡುತ್ತದೆ, ಅಷ್ಟೇ. ಡಿಸೆಂಬರ್ 21ರ ನಂತರ ಹಗಲು ಉದ್ದವಾಗುತ್ತಾ ಹೋದಂತೆ, ಇನ್ನೂ ಥಂಡಿ ಇರುವಾಗಲೇ ಉದುರುವ ತಯಾರಿ ಶುರು. ಲಂಡನ್ನಿನಲ್ಲಿ ಆ ದಿನ ಹಗಲು 8 ತಾಸಿಗೂ ಕಡಿಮೆ, ಜೂನ್‌ನಲ್ಲಿ 16 ತಾಸಿಗೂ ಜಾಸ್ತಿ. ಬೀದರ್‌ನಲ್ಲಿ ಸುಮಾರು 11 ಮತ್ತು 13. ನಮ್ಮ ಕುದುರೆಗಳಿಗೆ ಅಲ್ಲಿಯ ಹಾಗೆ ಕರಡಿ ಕೂದಲು ಬೆಳೆಯದೇ ಇರುವುದಕ್ಕೆ ಇದೂ ಒಂದು ಕಾರಣ.

ಸರಿ, ಬೀದರ್ ಥಂಡಿ ಎಷ್ಟು? ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋಗುತ್ತದೆ. ನಾವು ಕಂಬಳಿಯೊಳಗೆ ಮುದುಡುತ್ತೇವೆ. ಗಾಳಿ, ಒದ್ದೆ ಇಲ್ಲದಿದ್ದರೆ ಹೊಟ್ಟೆ ತುಂಬಿದ ಕುದುರೆ ಸುಮಾರು 5 ಡಿಗ್ರಿ ತನಕ ಜಾಸ್ತಿ ಶಾಖ ಹುಟ್ಟಿಸುವ ಗೋಜಿಗೇ ಹೋಗುವುದಿಲ್ಲ. ಇಲ್ಲಿ ಹೊಟ್ಟೆ ಮುಖ್ಯ. ಒಣ ಹುಲ್ಲು ದೊಡ್ಡ ಕರುಳಿನಲ್ಲಿ ಹುಳಿಯುತ್ತಾ ಒಳಗಿಂದ ಒಲೆಯ ಹಾಗೆ ಕಾಯಿಸುತ್ತದೆ. 15ನೇ ಶತಮಾನದಲ್ಲಿ ಕುದುರೆ ಮಾರಲು ಬೀದರ್‌ಗೆ ಬಂದಿದ್ದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್, ಇಲ್ಲಿ ಕುದುರೆಗೆ ಕಾಳು, ಜೊತೆಗೆ ಸಕ್ಕರೆ, ಎಣ್ಣೆ ಹಾಕಿದ ಖಿಚಡಿ ತಿನ್ನಿಸುತ್ತಾರೆ ಅಂತ ಬರೆದಿಟ್ಟಿದ್ದಾನೆ. ಅಷ್ಟು ಉಪಚಾರ ಈಗ ಬೇಡ. ರಾತ್ರಿಗೆ ಎರಡು ಹಿಡಿ ಹುಲ್ಲು ಜಾಸ್ತಿ ಹಾಕಿದರೆ ಸಾಕು.

ಕೊನೆಗೆ ನಾನು ಹೇಳಿದ್ದು ಇಷ್ಟು. ಬರಾತು ಮುಗಿದರೆ ಈ ಕುದುರೆ ಹೊಲಕ್ಕೆ ಮೇಯಲು ಹೋಗುತ್ತದೆ, ಹಾಗಾಗಿ ಮಷಿನ್ ಬೇಡ. ಕತ್ತರಿ, ಬಾಚಣಿಗೆ ತಗೊಂಡು ಗೆಜ್ಜೆಗೆ ಸಿಕ್ಕುವ ಕುಚ್ಚಿನ ತುದಿ ಮಾತ್ರ ತೆಗೆಯಿರಿ. ಚರ್ಮ ಕಾಣಬಾರದು. ಚಾಚಾ ಕೂದಲು ಇಳಿದ ದಿಕ್ಕಿಗೇ ಬಾಚಿ, ನಾಲ್ಕೂ ಕಾಲನ್ನು ಅರ್ಧ ತಾಸಿನಲ್ಲಿ ಮುಗಿಸಿದರು.

ಚಾಚಿ ಮಾತ್ರ ಒಪ್ಪಲಿಲ್ಲ. ಸಂಜೆ ಹೋಗಿ ನೋಡಿದರೆ ಹಳೇ ಸ್ವೆಟರಿನ ತೋಳು ಕತ್ತರಿಸಿ ಎರಡೂ ಮುಂಗಾಲಿಗೆ ಏರಿಸಿದ್ದರು. ಒಂದನ್ನು ಕುದುರೆ ಆಗಲೇ ಕಚ್ಚಿ ಎಳೆದು, ಹುಲ್ಲಿನ ಜೊತೆ ಅಗಿಯುತ್ತಿತ್ತು.