ಉಪ್ಪುನೀರಿನ ಮೇಲೆ ತೇಲುವ ಬಾವಿ

ಮೊನ್ನೆ ಸಾಗರದ ಹತ್ತಿರ ನೆಂಟರ ತೋಟಕ್ಕೆ ನೀರು ನೋಡುವವರು ಬಂದಿದ್ದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದರು. ಕಾಯಿ ಎದ್ದು ನಿಂತ ಕಡೆ ಗೂಟ ಹೊಡೆದರು. ನೆಲದೊಳಗೆ ಹೊಳೆ ಹರಿಯುತ್ತದೆ, ಅದು ಕಾಯಿಗೆ ಗೊತ್ತಾಗುತ್ತದೆ ಅಂತ ನಂಬಿಕೆ. ನನಗೆ ಬೇಜಾರಾಯಿತು. ನೆಲದಡಿಯ ನೀರಿನ ನಿಜವಾದ ಕಥೆ ಇದಕ್ಕಿಂತ ಎಷ್ಟೋ ಚೆಂದ.

ಲಕ್ಷದ್ವೀಪದ ಕವರತ್ತಿಯನ್ನೇ ನೋಡಿ. 4 ಚದರ ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ಜಾಗ. 2011ರಲ್ಲೇ 11 ಸಾವಿರ ದಾಟಿದ ಜನ. ಗುಡ್ಡವಿಲ್ಲ, ಹೊಳೆಯಿಲ್ಲ, ಸುತ್ತ ಸಮುದ್ರ. ಆದರೂ ಕೆಲವೇ ಅಡಿ ತೋಡಿದರೆ ಸಿಹಿನೀರು! ಅಷ್ಟೂ ಅಲ್ಲೇ ಬಿದ್ದ ಮಳೆ. ಅದು ಉಪ್ಪುನೀರಿನ ಮೇಲೆ ತೇಲುತ್ತಿದೆ.

ಮನೆಯಲ್ಲೇ ನೋಡಬಹುದು. ಗಾಜಿನ ಲೋಟದಲ್ಲಿ ನೀರಿಗೆ ಚೆನ್ನಾಗಿ ಉಪ್ಪು ಕದಡಿ. ಮುರುಗಲು ಸಿಪ್ಪೆ ನೆನೆಸಿದ ಕೆಂಪು ನೀರನ್ನು ಚಮಚದ ಬೆನ್ನಿನ ಮೇಲೆ ನಿಧಾನಕ್ಕೆ ಬಿಡಿ. ಕೆಂಪು ಮೇಲೇ ನಿಲ್ಲುತ್ತದೆ. ಸಮುದ್ರದ ನೀರು ನೂರಕ್ಕೆ ಎರಡೂವರೆ ಪಾಲು ಜಾಸ್ತಿ ಭಾರ, ಅಷ್ಟೇ. 41 ಅಡಿ ಸಿಹಿನೀರು, 40 ಅಡಿ ಉಪ್ಪುನೀರು ಒಂದೇ ತೂಕ. ಹಾಗಾಗಿ ಸಮುದ್ರಮಟ್ಟದ ಮೇಲೆ ಒಂದು ಅಡಿ ಸಿಹಿನೀರು ನಿಂತರೆ ಕೆಳಗೆ 40 ಅಡಿ ಇರಬೇಕು. ಹಾಲೆಂಡಿನ ಸೇನಾ ಎಂಜಿನಿಯರ್ ಬಾಡೋನ್ ಗೈಬೆನ್ 19ನೇ ಶತಮಾನದ ಕೊನೆಯಲ್ಲಿ, ಜರ್ಮನಿಯ ಹರ್ಜ್‌ಬರ್ಗ್ 1901ರಲ್ಲಿ, ಬೇರೆ ಬೇರೆಯಾಗಿಯೇ ಈ ಲೆಕ್ಕ ಬರೆದರು. ಕವರತ್ತಿಯ ನೆಲದ ಹವಳದ ಕಲ್ಲು ಮಾತ್ರ ಜರಡಿ ಇದ್ದ ಹಾಗೆ. ಭರತ ಇಳಿತಕ್ಕೆ ಬಾವಿಯ ಮಟ್ಟವೂ ಏರಿಳಿಯುತ್ತದೆ, ಉಪ್ಪು ಬೆರೆಯುತ್ತದೆ. ಲೆಕ್ಕದಷ್ಟು ದಪ್ಪ ಪದರ ಅಲ್ಲಿ ಸಿಗುವುದಿಲ್ಲ.

ಸೇತುವೆಗೆ ಮೊದಲು ಸಿಗಂದೂರಿಗೆ ಲಾಂಚಿನಲ್ಲಿ ಹೋದವರು ನೆನಪು ಮಾಡಿಕೊಳ್ಳಿ. ಬಸ್ಸು ಇಳಿದರೆ ಲಾಂಚಿನ ತಳ ಮೇಲೆ ಬರುತ್ತಿತ್ತು, ಅಲ್ವಾ? ಇಲ್ಲೂ ಅದೇ. ಮೇಲಿನ ಒಂದು ಅಡಿ ನೀರು ಖಾಲಿಯಾದರೆ ಭಾರ ಇಳಿಯಿತು. ಕಾಲಕ್ರಮದಲ್ಲಿ ತಳದ ಉಪ್ಪು 40 ಅಡಿ ಏರಬಹುದು. ಕೊಡ ಬಿಟ್ಟು ಸೇದುತ್ತಿದ್ದಾಗ ಚಿಂತೆಯಿರಲಿಲ್ಲ. ಪಂಪ್ ಹಾಕಿದರೆ ಅದರ ಅಡಿಗೇ ಉಪ್ಪು ಗೋಪುರದ ಹಾಗೆ ಏಳುತ್ತದೆ. ಆಳಕ್ಕೆ ಕೊರೆದಷ್ಟೂ ಉಪ್ಪು ಹತ್ತಿರ. ನಮ್ಮಲ್ಲಿ 'ಇನ್ನೂ ನೂರು ಅಡಿ ಹೋಗೋಣ' ಅಂತೀವಲ್ಲ, ಅಲ್ಲಿ ಆ ಮಾತು ಬಾವಿಯನ್ನೇ ಕೊಲ್ಲುತ್ತದೆ. ಇಕ್ಕಟ್ಟಿನ ಊರಲ್ಲಿ ಶೌಚದ ಗುಂಡಿಯೂ ಬಾವಿಗೆ ಹತ್ತಿರವೇ.

2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡುವ ಘಟಕ ಬಂತು. ಮೇಲಿನ ಬೆಚ್ಚನೆ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಸುಮಾರು 350 ಮೀಟರ್ ಆಳದ ತಣ್ಣನೆ ನೀರಿನಿಂದ ತಂಪು ಮಾಡುತ್ತಾರೆ. ದಿನಕ್ಕೆ ಒಂದು ಲಕ್ಷ ಲೀಟರ್. ತಲೆಗೆ ಒಂಬತ್ತು ಲೀಟರ್, ಒಂದು ಸಣ್ಣ ಕೊಡ. ಕುಡಿಯಲು, ಅಡುಗೆಗೆ ಸಾಕು. ಸ್ನಾನಕ್ಕೆ, ಬಟ್ಟೆಗೆ ಬಾವಿಗೇ ಹೋಗಬೇಕು.