ಕನಸು ಬರೆದಿಡುವುದು: ‘ಯಾಕಂದ್ರೆ’ ಬರುವ ತನಕ

ಸುಪ್ತ ಮನಸ್ಸಿನ ಪಾಠದಲ್ಲಿ ನಾವು ಮನೋವಿಶ್ಲೇಷಣೆ ಶುರುಮಾಡಿದ ವೈದ್ಯ ಫ್ರಾಯ್ಡ್ ಏನು ಹೇಳಿದರು ಅಂತ ಬಾಯಿಪಾಠ ಮಾಡುತ್ತೇವೆ, ಅವರು ಕೂತು ಏನು ಮಾಡಿದರು ಅಂತ ನೋಡುವುದೇ ಇಲ್ಲ. 1895ರ ಜುಲೈನಲ್ಲಿ ಇರ್ಮಾ ಎಂದು ಅವರು ಕರೆದ ರೋಗಿಯ ಬಗ್ಗೆ ಅವರಿಗೊಂದು ಕನಸು ಬಿತ್ತು. ಎದ್ದ ತಕ್ಷಣ ಬರೆದಿಟ್ಟರು. ಆಮೇಲೆ ಒಂದೊಂದೇ ತುಂಡು ಹಿಡಿದು, ಇದರಿಂದ ನನಗೆ ಏನು ನೆನಪಾಗುತ್ತದೆ ಅಂತ ಕೇಳಿಕೊಳ್ಳುತ್ತಾ ಹೋದರು. ಕೊನೆಗೆ ಸಿಕ್ಕಿದ್ದು ಇಷ್ಟು: ಆಕೆ ಪೂರ್ತಿ ಗುಣವಾಗದಿದ್ದರೆ ತಪ್ಪು ವೈದ್ಯನಾದ ತನ್ನದಾಗಬಾರದು ಅನ್ನುವ ಆಸೆ. ಎಲ್ಲ ಕನಸಿನ ಹಿಂದೆಯೂ ಆಸೆಯೇ ಇರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆದರೆ ಬರೆದಿಟ್ಟು ಬಿಡಿಸಿ ನೋಡುವ ಆ ದಾರಿ ಈಗಲೂ ಕೆಲಸಕ್ಕೆ ಬರುತ್ತದೆ.

ಬರೆದರೆ ಮನಸ್ಸು ಹಗುರವಾಗುತ್ತದೆ ಅಂತಾರಲ್ಲ, ಅದನ್ನು ಪರೀಕ್ಷೆ ಮಾಡಿದವರು ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್. ಸ್ಯಾಂಡ್ರಾ ಬೀಲ್ ಜೊತೆ ಅವರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 46 ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರು ಸುಮ್ನೆ ಕೋಣೆಯನ್ನೋ ಚಪ್ಪಲಿಯನ್ನೋ ವರ್ಣಿಸುವಂಥ ಸಾಮಾನ್ಯ ಸಂಗತಿ ಬರೆದರು, ಕೆಲವರು ತಮಗಾದ ಆಘಾತದ ಬಗ್ಗೆ ಬರೆದರು. ಆಘಾತವನ್ನೂ ಅದರ ನೋವನ್ನೂ ಸೇರಿಸಿ ಬರೆದವರಿಗೆ ತಕ್ಷಣ ಸಮಾಧಾನವೇನೂ ಸಿಗಲಿಲ್ಲ, ಬೇಸರ ಜಾಸ್ತಿಯಾಯಿತು, ರಕ್ತದೊತ್ತಡವೂ ಏರಿತು. ಆದರೆ ಮುಂದಿನ ಆರು ತಿಂಗಳಲ್ಲಿ ಅವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ನಡೆದದ್ದನ್ನಷ್ಟೇ ವರದಿಯಂತೆ ಬರೆದವರಿಗೆ ಆ ಲಾಭ ಸಿಗಲಿಲ್ಲ.

ಪೆನ್ನೆಬೇಕರ್ ಆಮೇಲೆ ಇಂಥ ಬರಹಗಳ ಪದಗಳನ್ನೇ ಎಣಿಸಿದರು. ದಿನದಿಂದ ದಿನಕ್ಕೆ ‘ಯಾಕಂದ್ರೆ’, ‘ಈಗ ಅರ್ಥವಾಯಿತು’ ಎಂಬಂಥ ಮಾತು ಹೆಚ್ಚಾದವರಿಗೆ ಬರವಣಿಗೆ ಹೆಚ್ಚು ಒದಗಿತ್ತು.

ಇದು ನನಗೆ ಗೊತ್ತಾದದ್ದು ನನ್ನದೇ ನೋಟ್‌ಬುಕ್‌ನಿಂದ. ಅಜ್ಜ ತೀರಿಕೊಂಡ ಮೇಲೆ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿತ್ತು: ಅವರ ಕೋಣೆಯ ಚಿಲಕ ಕೈಗೆ ಸಿಗುತ್ತದೆ, ಜಾರುವುದಿಲ್ಲ. ಮೊದಲ ದಿನ ‘ಬಾಗಿಲು ತೆಗೆಯೋಕೆ ಆಗಲಿಲ್ಲ’ ಅಂತ ಬರೆದೆ. ಎರಡನೇ ದಿನ ‘ಆಸ್ಪತ್ರೆಗೆ ಹೋಗೋಕೆ ಆಗಲಿಲ್ಲ’. ನೋಡಿ, ನಮ್ಮ ಕನ್ನಡದಲ್ಲಿ ‘ಆಗಲಿಲ್ಲ’ ಅಂದುಬಿಟ್ಟರೆ ‘ನಾನು’ ಎಲ್ಲೂ ಬರಬೇಕಾಗಿಲ್ಲ, ಅಲ್ವಾ? ನಾಲ್ಕನೇ ದಿನ ಪೆನ್ನು ತುಂಬ ಹೊತ್ತು ನಿಂತಿತ್ತು. ಆಮೇಲೆ ಬರೆದೆ: ‘ನಾನು ಹೋಗಲಿಲ್ಲ. ಯಾಕಂದ್ರೆ ಅವರ ಮುಖ ನೋಡೋಕೆ ನನಗೆ ಭಯ ಇತ್ತು.’ ಅತ್ತುಬಿಟ್ಟೆ. ಕನಸು ಮರುದಿನವೇ ನಿಂತಿತು ಅಂತ ಹೇಳಲಾರೆ, ಆದರೆ ಅದು ಯಾವುದರ ಬಗ್ಗೆ ಅಂತ ಗೊತ್ತಾಯಿತು.

ನೀವು ಮಾಡುವುದಾದರೆ ಕಾಗುಣಿತ ನೋಡಬೇಡಿ, ಮನೆಮಾತಲ್ಲೇ ಬರೆಯಿರಿ, ಯಾರಿಗೂ ತೋರಿಸಬೇಕಾಗಿಲ್ಲ. ಪದೇ ಪದೇ ಕೆಟ್ಟ ಕನಸು ಬೀಳುವವರಿಗೆ ಇನ್ನೊಂದು ಚಿಕಿತ್ಸಾ ಕ್ರಮವೂ ಇದೆ: ಕನಸನ್ನು ಬರೆದು, ಅದನ್ನು ನಿಮಗೆ ಬೇಕಾದಂತೆ ಬದಲಿಸಿ, ಹಗಲಲ್ಲಿ ಕೆಲವು ನಿಮಿಷ ಆ ಹೊಸ ಕನಸನ್ನೇ ಮನಸ್ಸಿನಲ್ಲಿ ನೋಡುವುದು. ಬರೆಯುವಾಗ ಕೈ ನಡುಗಿದರೆ, ತಡೆಯಲಾರೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ, ನಾಲ್ಕು ದಿನ ಮುಗಿಸಲೇಬೇಕು ಅಂತ ಹಟ ಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.