ಕೊಲೆಸ್ಟ್ರಾಲ್ ಜಾಸ್ತಿಯಾದರೆ ರಕ್ತ ಯಾಕೆ ಹೆಪ್ಪುಗಟ್ಟುತ್ತದೆ?

ಜಿಡ್ಡು ಕಟ್ಟಿಕೊಂಡು ಸಿಂಕಿನ ಪೈಪು ಮುಚ್ಚಿಹೋಗುವ ಹೋಲಿಕೆಯನ್ನು ನಾವೆಲ್ಲ ಕೇಳಿದ್ದೇವೆ, ಅಲ್ವಾ? ಈ ಪಾಠಕ್ಕೆ ಕೂರುವ ಮೊದಲು ಅದನ್ನು ಮರೆತುಬಿಡಿ. ಪೈಪಿಗೆ ಜೀವವಿಲ್ಲ. ರಕ್ತನಾಳದ ಒಳಪದರಕ್ಕೆ ಜೀವವಿದೆ, ದಿನವಿಡೀ ಕೆಲಸವೂ ಇದೆ. ಕೊಲೆಸ್ಟ್ರಾಲ್ ಮೊದಲು ಕೆಡಿಸುವುದು ಆ ಕೆಲಸವನ್ನೇ.

ಈ ಒಳಪದರ ಎಂದರೆ ಎಂಡೋಥೀಲಿಯಂ. ಅದರ ದಪ್ಪ ಒಂದೇ ಒಂದು ಜೀವಕೋಶ. ಅದು ನೈಟ್ರಿಕ್ ಆಕ್ಸೈಡ್ ಮತ್ತು ಪ್ರೊಸ್ಟಾಸೈಕ್ಲಿನ್ ತಯಾರಿಸುತ್ತದೆ. ಇವೆರಡೂ ನಾಳವನ್ನು ಸಡಿಲಗೊಳಿಸುತ್ತವೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಂಬ ಪುಟ್ಟ ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತವೆ.

ಇದು ಗೊತ್ತಾದ ಪ್ರಯೋಗ ನನಗೆ ತುಂಬಾ ಇಷ್ಟ. 1980ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಂಡುಗಳಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿ ನೋಡಿದ ಫಲಿತಾಂಶ ಪ್ರಕಟವಾಯಿತು. ಒಳಪದರ ಹಾಗೇ ಉಳಿದಿದ್ದ ತುಂಡು ಸಡಿಲವಾಯಿತು. ಒಳಪದರ ಉಜ್ಜಿಹೋಗಿದ್ದ ತುಂಡು ಸಡಿಲವಾಗಲೇ ಇಲ್ಲ. ಹಾಗಾದರೆ ಸಡಿಲವಾಗಲು ಸೂಚನೆ ಕೊಡುತ್ತಿದ್ದದ್ದು ಒಳಪದರ! ಆ ಸೂಚನೆಯೇ ನೈಟ್ರಿಕ್ ಆಕ್ಸೈಡ್ ಎಂದು ಆಮೇಲೆ ತಿಳಿಯಿತು. 1998ರ ನೊಬೆಲ್ ಫರ್ಚ್‌ಗಾಟ್ ಅವರಿಗೂ ಇದೇ ವಿಷಯದ ಮೇಲೆ ಕೆಲಸ ಮಾಡಿದ ಇಗ್ನಾರೋ, ಮುರಾದ್ ಅವರಿಗೂ ಸೇರಿ ಬಂತು.

ಈಗ ರಕ್ತದಲ್ಲಿ ಎಲ್‌ಡಿಎಲ್, ಅಂದರೆ ಕೊಲೆಸ್ಟ್ರಾಲ್ ಹೊತ್ತು ಸಾಗುವ ಕಣ, ಜಾಸ್ತಿಯಾಯಿತು ಅಂದುಕೊಳ್ಳಿ. ಅದು ಒಳಪದರದ ಕೆಳಗೆ ನುಸುಳಿ, ಅಲ್ಲೇ ಸಿಕ್ಕಿಕೊಂಡು, ಆಕ್ಸಿಡೈಸ್ ಆಗುತ್ತದೆ. ಒಳಪದರ ಕೆರಳುತ್ತದೆ. ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ. ಜಾರುತ್ತಿದ್ದ ಗೋಡೆ ಅಂಟಂಟಾಗುತ್ತದೆ. ಮಾನೋಸೈಟ್ ಎಂಬ ಬಿಳಿ ರಕ್ತಕಣಗಳು ಅಲ್ಲಿ ಹಿಡಿದು ನಿಂತು, ಒಳಗಿಳಿದು, ಮ್ಯಾಕ್ರೋಫೇಜ್ ಎಂಬ ನುಂಗುವ ಕೋಶಗಳಾಗಿ ಆ ಎಲ್‌ಡಿಎಲ್ ತಿನ್ನುತ್ತವೆ. ಬೇರೆ ಕೋಶಗಳು ಕೊಲೆಸ್ಟ್ರಾಲ್ ಸಾಕಾದಾಗ ಎಲ್‌ಡಿಎಲ್ ಹಿಡಿದು ಒಳಗೆಳೆಯುವ ತಮ್ಮ ರಿಸೆಪ್ಟರ್‌ಗಳನ್ನು ಕಡಿಮೆ ಮಾಡಿಕೊಳ್ಳುತ್ತವೆ. ಮ್ಯಾಕ್ರೋಫೇಜಿನ ಸ್ಕ್ಯಾವೆಂಜರ್ ರಿಸೆಪ್ಟರ್‌ಗೆ ಆ 'ಸಾಕು' ಇಲ್ಲ. ತಿಂದು ತಿಂದು ಅದು ನೊರೆಕೋಶವಾಗುತ್ತದೆ. ಲ್ಯಾಬಿನ ಸ್ಲೈಡಿನಲ್ಲಿ ಅದರ ಮೈತುಂಬಾ ಖಾಲಿ ಗುಳ್ಳೆಗಳು ಕಾಣುತ್ತವೆ. ಅವೆಲ್ಲ ಕೊಬ್ಬು ಇದ್ದ ಜಾಗ. ಸ್ಲೈಡ್ ತಯಾರಿಸುವಾಗ ಬಳಸುವ ದ್ರಾವಕದಲ್ಲಿ ಕೊಬ್ಬು ಕರಗಿಹೋಗಿರುತ್ತದೆ.

ವರ್ಷಗಳು ಕಳೆದಂತೆ ಇದರ ಮೇಲೆ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನಿನ ಮುಚ್ಚಳ ಬೆಳೆಯುತ್ತದೆ. ಇದೇ ಪ್ಲಾಕ್. ಒಳಗಿನ ಮ್ಯಾಕ್ರೋಫೇಜ್‌ಗಳು ಕಿಣ್ವಗಳಿಂದ ಆ ಮುಚ್ಚಳವನ್ನು ಸವೆಸುತ್ತವೆ. ಒಂದು ದಿನ ಅದು ಹರಿದರೆ, ಒಳಗಿದ್ದ ಕೊಲಾಜೆನ್ ಮತ್ತು ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನ್ ನೇರವಾಗಿ ರಕ್ತಕ್ಕೆ ತಾಗುತ್ತವೆ. ಕೊಲಾಜೆನ್‌ಗೆ ಪ್ಲೇಟ್‌ಲೆಟ್ ಮುತ್ತುತ್ತದೆ. ಟಿಶ್ಯೂ ಫ್ಯಾಕ್ಟರ್‌ನಿಂದ ಶುರುವಾದ ಸರಣಿ ಥ್ರಾಂಬಿನ್ ಎಂಬ ಕಿಣ್ವದ ತನಕ ಹೋಗಿ, ಹೆಪ್ಪನ್ನು ಬಿಗಿಯಾಗಿ ಹಿಡಿಯುವ ಫೈಬ್ರಿನ್ ಎಳೆಗಳನ್ನು ಹೆಣೆಯುತ್ತದೆ. ಬೆರಳು ಕುಯ್ದಾಗ ನಮ್ಮನ್ನು ಕಾಪಾಡುವ ಹೆಪ್ಪೇ ಇದು. ಆದರೆ ಹೃದಯದ ಸಣ್ಣ ನಾಳದಲ್ಲಿ ಅದೇ ಹಾರ್ಟ್ ಅಟ್ಯಾಕ್.

ಪರೀಕ್ಷೆಯಲ್ಲಿ ತುಂಬಾ ಜನ ತಪ್ಪುವ ಜಾಗ: ನಾಳವನ್ನು ಹೆಚ್ಚು ಕಿರಿದು ಮಾಡಿದ ಪ್ಲಾಕೇ ಒಡೆಯಬೇಕು ಎಂದೇನಿಲ್ಲ. ಅರ್ಧದಷ್ಟೂ ಅಡ್ಡಿ ಮಾಡದ, ತೆಳು ಮುಚ್ಚಳದ ಪ್ಲಾಕ್ ಕೂಡ ಒಡೆಯಬಹುದು. ಅಲ್ಲಿಯವರೆಗೆ ಎದೆನೋವೇ ಇರಲಿಲ್ಲ ಎನ್ನುವ ರೋಗಿಗಳು ಸಿಗುವುದು ಇದಕ್ಕೇ.

ಔಷಧಿಗಳನ್ನೂ ಹೀಗೇ ಜೋಡಿಸಿಕೊಳ್ಳಿ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಕೊಟ್ಟರೆ ಲಿವರ್ ರಕ್ತದಿಂದ ಹೆಚ್ಚು ಎಲ್‌ಡಿಎಲ್ ಎಳೆದುಕೊಳ್ಳುತ್ತದೆ, ಅಂದರೆ ಅದು ಕಥೆಯ ಆರಂಭಕ್ಕೇ ಕೈ ಹಾಕುತ್ತದೆ. ಆಸ್ಪಿರಿನ್ ಕೊನೆಯ ಹಂತದ್ದು. ಅದು ಪ್ಲೇಟ್‌ಲೆಟ್‌ನ ಒಂದು ಕಿಣ್ವವನ್ನು ಕೆಡಿಸಿ, ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸುವ ಥ್ರಾಂಬಾಕ್ಸೇನ್ ತಯಾರಾಗುವುದನ್ನು ತಡೆಯುತ್ತದೆ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ, ಕೆಟ್ಟ ಕಿಣ್ವವನ್ನು ಮತ್ತೆ ತಯಾರಿಸಿಕೊಳ್ಳಲಾರದು. ಹಾಗಾಗಿ ಆ ಪ್ಲೇಟ್‌ಲೆಟ್ ಬದುಕಿರುವ 7ರಿಂದ 10 ದಿನವೂ ಪರಿಣಾಮ ಉಳಿಯುತ್ತದೆ.